ಚಾಲೂ ಆಗದ ಸರ್ವರು, ಯಾರೂ ಓದದ ಲಾಗು

ಡೇಟಾಬೇಸ್ ಸರ್ವರ್ ಎಂದರೆ ಬೆಂಗಳೂರಿನ ಯಾವುದೋ ತಂಪು ಕೋಣೆಯ ವಸ್ತು ಎಂದುಕೊಂಡವರು ಒಮ್ಮೆ ಕಲಬುರಗಿ ಜಿಲ್ಲೆಯ ವಾಡಿಯಿಂದ ಚಿತ್ತಾಪುರ, ಮಳಖೇಡ ದಾಟಿ ಸೇಡಂವರೆಗೆ ಬಂದು ನೋಡಬೇಕು. ಎಸಿಸಿ, ರಾಜಶ್ರೀ, ವಾಸವದತ್ತಾ ಎಂದು ಸಿಮೆಂಟ್ ಕಾರ್ಖಾನೆಗಳ ಹೆಸರಿನಿಂದಲೇ ಊರು ಗುರುತಿಸುವ ದಾರಿ ಇದು. ಲಾರಿ ಇದ್ದಲ್ಲಿ ತೂಕದ ಕಾಟಾ ಇರಲೇಬೇಕು. ಕಾಟಾದ ಪಕ್ಕದ ಕೋಣೆಯಲ್ಲಿ ಒಂದು ಕಂಪ್ಯೂಟರ್; ಅದರೊಳಗೆ ಖಾಲಿ ಗಾಡಿಯ ತೂಕ, ಭರ್ತಿ ಗಾಡಿಯ ತೂಕ, ಚೀಟಿ ನಂಬರು ಬರೆದಿಡುವ ಪುಟ್ಟ ಡೇಟಾಬೇಸು. ಶಹಾಬಾದಿನ ಫರ್ಸಿ ವ್ಯಾಪಾರಿಯ ಬಿಲ್ಲಿಂಗ್ ಸಾಫ್ಟ್‌ವೇರಿನ ಹೊಟ್ಟೆಯಲ್ಲೂ ಇಂಥದ್ದೇ ಒಂದು ಇರುತ್ತದೆ, ಚಿಂಚೋಳಿಯ ತೊಗರಿ ವ್ಯಾಪಾರದ ಲೆಕ್ಕದಲ್ಲೂ, ಡಿಗ್ರಿ ಕಾಲೇಜಿನ ಲ್ಯಾಬಿನಲ್ಲೂ. ಎಲ್ಲ ಸರಿ ಇದ್ದಾಗ ಅದು ಇದೆ ಎಂಬುದೇ ಮಾಲೀಕನಿಗೆ ಗೊತ್ತಿರುವುದಿಲ್ಲ. ಗೊತ್ತಾಗುವುದು ಇನ್‌ಸ್ಟಾಲ್ ಮುಗಿದು, 'ಫಿನಿಶ್' ಒತ್ತಿ, ಆಮೇಲೂ ಅದು ಏಳದಿದ್ದಾಗ. ಫೋನಿನಲ್ಲಿ ಬರುವ ಮಾತು ಹೆಚ್ಚುಕಡಿಮೆ ಒಂದೇ: "ಸರ್, ಎಲ್ಲಾ ಬರೋಬ್ಬರಿ ಹಾಕೀನ್ರಿ, ಖರೆ ಚಾಲೂನೇ ಆಗ್ಲತ್ತಿಲ್ರಿ."

ಈ ಭಾಗದ ಜನಕ್ಕೆ ಡೇಟಾಬೇಸ್ ಸರ್ವರಿನ ಬಿಸಿ ಮೊದಲು ತಟ್ಟಿದ್ದು ಭೂಮಿ ಯೋಜನೆಯ ಕಾಲಕ್ಕೆ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಇಳಿಸಿತು. ತಂತ್ರಾಂಶ ಬರೆದದ್ದು ಎನ್‌ಐಸಿ. ಕೈಬರಹದ ಪಹಣಿ ಹೋಗಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರತೊಡಗಿತು. ಆಗಿನ ಏರ್ಪಾಡಿನಲ್ಲಿ ದಾಖಲೆ ಇರುತ್ತಿದ್ದದ್ದು ಆಯಾ ತಾಲೂಕು ಕಚೇರಿಯ ಸರ್ವರಿನಲ್ಲೇ. ಚಿತ್ತಾಪುರದ ಪಹಣಿ ಚಿತ್ತಾಪುರದಲ್ಲಿ, ಸೇಡಂನದು ಸೇಡಂನಲ್ಲಿ. ಆಗಿನ್ನೂ ಪ್ರತ್ಯೇಕ ತಾಲೂಕಾಗಿರದ ಶಹಾಬಾದಿನದು ಚಿತ್ತಾಪುರದ ಪೆಟ್ಟಿಗೆಯೊಳಗೇ. ಆ ಒಂದು ಯಂತ್ರ ಏಳದಿದ್ದರೆ ಇಡೀ ತಾಲೂಕಿಗೆ ಆ ದಿನ ಪಹಣಿ ಇಲ್ಲ. ಮುಂದೆ ದಾಖಲೆಗಳೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು, ತಾಲೂಕಿನ ತಲೆನೋವು ತಪ್ಪಿತು. ಆದರೆ ಸರ್ವರ್ ಕೆಟ್ಟರೆ ಮುಚ್ಚಳ ತೆಗೆದು ನೋಡುವ ವಿದ್ಯೆಯೂ ಅದರ ಜತೆಗೇ ತಾಲೂಕು ಬಿಟ್ಟಿತು ಎಂಬುದು ನನ್ನ ಅನಿಸಿಕೆ. ಅದೇ ಹೊತ್ತಿಗೆ ಖಾಸಗಿಯವರ ಪುಟ್ಟ ಸರ್ವರ್‌ಗಳು ಹೆಚ್ಚುತ್ತ ಹೋದವು. ಅವುಗಳ ಹಿಂದೆ ಎನ್‌ಐಸಿಯ ಎಂಜಿನಿಯರ್ ಇಲ್ಲ. ಇರುವವನು ಅಂಗಡಿಯ ಹುಡುಗ, ಅವನ ಕೈಯಲ್ಲಿ ಒಂದು ಪೆನ್‌ಡ್ರೈವು.

ಒಂದು ಗೊಂದಲವನ್ನು ಮೊದಲೇ ಬಿಡಿಸಬೇಕು. ನಾಡಕಚೇರಿಯಲ್ಲಿ, ರೇಷನ್ ಅಂಗಡಿಯಲ್ಲಿ "ಸರ್ವರ್ ಇಲ್ರಿ, ನಾಳೆ ಬರ್ರಿ" ಎನ್ನುವುದು ಬೇರೆ ರೋಗ. ಅಲ್ಲಿ ಸರ್ವರ್ ಎದ್ದೇ ಇರುತ್ತದೆ. ನಡುವಿನ ತಂತಿ ಕಡಿದಿರುತ್ತದೆ, ಇಲ್ಲವೇ ಬಂದವರ ಸಂದಣಿ ತಡೆಯಲಾಗಿರುವುದಿಲ್ಲ. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತತ್ತರಿಸಿದ್ದು ಸುಳ್ಳು ಕೋರಿಕೆಗಳ ದಾಳಿಗೆ, ಡೇಟಾಬೇಸ್ ಏಳದೆ ಅಲ್ಲ. ಚಿಕ್ಕ ಸರ್ವರಿನಲ್ಲೂ ಇದೇ ಭೇದ ಇದೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸರ್ವರ್ 1045 ಎಂಬ ನಂಬರು ತೋರಿಸಿ 'ಆಕ್ಸೆಸ್ ಡಿನೈಡ್' ಎಂದರೆ ಸರ್ವರ್ ಎದ್ದಿದೆ, ಬಾಗಿಲಿಗೂ ಬಂದಿದೆ, ನಿಮ್ಮ ಪಾಸ್‌ವರ್ಡ್ ಒಪ್ಪುತ್ತಿಲ್ಲ ಅಷ್ಟೆ. 2002 ಅಥವಾ 2003 ಎಂದರೆ ಆಚೆ ಕಡೆ ಯಾರೂ ಉತ್ತರ ಕೊಡುತ್ತಿಲ್ಲ. ಮೊದಲನೆಯದಕ್ಕೆ ಸರ್ವರನ್ನೇ ಕಿತ್ತು ಹಾಕಿ ಮತ್ತೆ ಹಚ್ಚುವವರು ಇದ್ದಾರೆ. ಬೇಡದ ಕೆಲಸ.

ಇನ್ನು ನಿಜವಾಗಿ ಏಳದ ಸರ್ವರಿನ ವಿಚಾರ. ಇಲ್ಲಿ ಹೆಚ್ಚಿನವರು ನೋಡುವುದು ಎಕ್ಸ್‌ಎಎಂಪಿಪಿ ಎಂಬ ತಂತ್ರಾಂಶ ಗೊಂಚಲಿನ ಫಲಕದ ಕೆಂಪು ಸಾಲುಗಳನ್ನು: ಮೈಎಸ್‌ಕ್ಯೂಎಲ್ ಅನಿರೀಕ್ಷಿತವಾಗಿ ನಿಂತಿತು, ಪೋರ್ಟ್ ತಡೆದಿರಬಹುದು, ಬೇಕಾದ ಫೈಲ್ ಇಲ್ಲದಿರಬಹುದು, ಅನುಮತಿ ಸಾಲದಿರಬಹುದು, ಕ್ರ್ಯಾಶ್ ಆಗಿರಬಹುದು, ಬೇರೆ ಯಾರಾದರೂ ನಿಲ್ಲಿಸಿರಬಹುದು. ಓದಿದರೆ ಅರ್ಥವಾಗುತ್ತದೆ, ಈ ಫಲಕಕ್ಕೆ ಏನೂ ಗೊತ್ತಿಲ್ಲ. ವಿಂಡೋಸ್ ಸರ್ವಿಸ್ ಪಟ್ಟಿಯಲ್ಲಿ ಬರುವ 1067ನೇ ದೋಷವೂ ಅಷ್ಟೇ, ಪ್ರೋಗ್ರಾಮು ಅಚಾನಕ್ಕಾಗಿ ಮುಗಿಯಿತು ಎಂಬುದರಾಚೆ ಅದಕ್ಕೆ ಹೇಳಲು ಏನೂ ಇಲ್ಲ. ಇವು ಸತ್ತ ಸುದ್ದಿ ಮುಟ್ಟಿಸುತ್ತವೆ, ಸತ್ತದ್ದು ಯಾಕೆಂದು ಹೇಳುವುದಿಲ್ಲ. ಕಾರಣ ಬರೆದಿಟ್ಟು ಹೋಗುವುದು ಸರ್ವರೇ, ತನ್ನ ಎರರ್ ಲಾಗಿನಲ್ಲಿ. ವಿಂಡೋಸಿನಲ್ಲಿ ಮೈಎಸ್‌ಕ್ಯೂಎಲ್ ಅದನ್ನು ಡೇಟಾ ಫೋಲ್ಡರಿನೊಳಗೆ ಕಂಪ್ಯೂಟರಿನ ಹೆಸರು, ಕೊನೆಗೆ ಇಆರ್‌ಆರ್ ಎಂಬ ಬಾಲ ಹಚ್ಚಿ ಇಟ್ಟಿರುತ್ತದೆ. ಆ ಡೇಟಾ ಫೋಲ್ಡರ್ ಇರುವುದು ಪ್ರೋಗ್ರಾಮ್‌ಡೇಟಾ ಎಂಬ ಅಡಗಿಸಿಟ್ಟ ಫೋಲ್ಡರಿನಲ್ಲಿ. ಬಹಳ ಮಂದಿಗೆ ಅದು ಕಣ್ಣಿಗೇ ಬಿದ್ದಿರುವುದಿಲ್ಲ. ಉಬುಂಟುವಿನಲ್ಲಿ ಲಾಗ್ ಫೋಲ್ಡರಿನೊಳಗೆ ಮೈಎಸ್‌ಕ್ಯೂಎಲ್‌ದೇ ಒಂದು ಮನೆ ಇದೆ, ಜತೆಗೆ ಜರ್ನಲ್‌ಸಿಟಿಎಲ್ ಕೂಡ ಹೇಳುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು ಕೊನೆಗೆ ಇಳಿಯಬೇಕು. ಇಳಿದ ಮೇಲೆ ಕಟ್ಟಕಡೆಯ 'ಅಬಾರ್ಟಿಂಗ್' ಸಾಲು ನೋಡಿ ಗಾಬರಿಯಾಗಬಾರದು. ಅಲ್ಲಿಂದ ಮೇಲಕ್ಕೆ ಹತ್ತುತ್ತ ಆ ಸಲದ ಪ್ರಯತ್ನದಲ್ಲಿ ಎರರ್ ಎಂದು ಗುರುತಾದ ಮೊಟ್ಟಮೊದಲ ಸಾಲನ್ನು ಹಿಡಿಯಬೇಕು. ಅದರ ಕೆಳಗಿನವೆಲ್ಲ ಅದರದೇ ಸಂತಾನ.

ಹಾಗೆ ಓದಿದಾಗ ಅತಿ ಹೆಚ್ಚು ಸಿಗುವ ಕಾರಣ ಪೋರ್ಟಿನದು, ಅಂದರೆ ಸರ್ವರ್ ಕೂತು ಉತ್ತರ ಕೊಡುವ ಬಾಗಿಲಿನ ನಂಬರಿನದು. ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432, ಎಸ್‌ಕ್ಯೂಎಲ್ ಸರ್ವರಿಗೆ 1433, ಒರಾಕಲ್ ಲಿಸನರಿಗೆ 1521. ಒಂದು ನಂಬರಿನಲ್ಲಿ ಒಬ್ಬರೇ ಕೂರಬಹುದು. ಕಾಲೇಜು ಲ್ಯಾಬಿನಲ್ಲಿ ಹಿಂದಿನ ವರ್ಷದವರು ಎಕ್ಸ್‌ಎಎಂಪಿಪಿ ಹಾಕಿರುತ್ತಾರೆ, ಈ ವರ್ಷದವರು ಅದರ ಮೇಲೆ ಮೈಎಸ್‌ಕ್ಯೂಎಲ್ 8 ಹಾಕುತ್ತಾರೆ, ಎರಡಕ್ಕೂ 3306 ಬೇಕು. ಬೇರೆ ಸರ್ವರ್ ಈಗಾಗಲೇ ಈ ಪೋರ್ಟಿನಲ್ಲಿ ನಡೆದಿದೆಯೇ ಎಂದು ಲಾಗು ಪ್ರಶ್ನೆಯನ್ನೇ ಕೇಳಿರುತ್ತದೆ. ನೆಟ್‌ಸ್ಟಾಟ್ ಆಜ್ಞೆ ಕೊಟ್ಟರೆ ಯಾರು ಕೂತಿದ್ದಾರೆಂದು ಪ್ರೋಸೆಸ್ ನಂಬರು ಸಮೇತ ಸಿಗುತ್ತದೆ. ಹಳೆಯದನ್ನು ನಿಲ್ಲಿಸಿ, ಇಲ್ಲವೇ ಹೊಸದಕ್ಕೆ 3307 ಕೊಡಿ. ಇದಕ್ಕಿಂತ ಹೆಚ್ಚು ಬೆಳೆಸುವ ವಿಷಯವಲ್ಲ.

ಡೇಟಾ ಫೋಲ್ಡರಿನ ಕಥೆ ಮಾತ್ರ ಉದ್ದ. ಸರ್ವರ್ ತಂತ್ರಾಂಶ ಬೇರೆ, ಅದು ಕಾಯುವ ದತ್ತಾಂಶ ಬೇರೆ. ತಂತ್ರಾಂಶ ತೆಗೆದರೂ ದತ್ತಾಂಶ ಉಳಿಯಲಿ ಎಂದು ಅನ್‌ಇನ್‌ಸ್ಟಾಲ್ ಮಾಡುವ ಪ್ರೋಗ್ರಾಮು ಆ ಫೋಲ್ಡರನ್ನು ಬೇಕೆಂದೇ ಮುಟ್ಟುವುದಿಲ್ಲ. ಒಳ್ಳೆಯ ಉದ್ದೇಶವೇ. ಆದರೆ ಸರ್ವರ್ ಏಳಲಿಲ್ಲವೆಂದು ತೆಗೆದು ಮತ್ತೆ ಹಾಕುವವನಿಗೆ ಇದು ಗೊತ್ತಿರುವುದಿಲ್ಲ. ಮನೆ ಖಾಲಿ ಮಾಡಿಸದೆ ಬೀಗ ಬದಲಿಸಿದ ಹಾಗೆ ಅವನ ಕೆಲಸ. ಹಳೆಯ ಫೈಲುಗಳು ಅಲ್ಲೇ, ಹಳೆಯ ಸಂರಚನೆಯೂ ಅಲ್ಲೇ, ಆದ್ದರಿಂದ ಹಳೆಯ ರೋಗವೂ ಅಲ್ಲೇ. ಉಬುಂಟುವಿನಲ್ಲಿ ಮರಿಯಾಡಿಬಿ ತೆಗೆದು ಮೈಎಸ್‌ಕ್ಯೂಎಲ್ ಹಾಕಿದಾಗ ಇದು ಇನ್ನೂ ಕೆಟ್ಟದಾಗಿ ಕಾಡುತ್ತದೆ. ಎರಡೂ ಒಂದೇ ಬೇರಿನವು. ಆಗ ಮೈಎಸ್‌ಕ್ಯೂಎಲ್‌ನ ಒಡೆಯನಾಗಿದ್ದ ಸನ್ ಕಂಪನಿಯನ್ನು ಒರಾಕಲ್ ಕೊಳ್ಳಲು ಹೊರಟ 2009ರಲ್ಲಿ ಮೈಎಸ್‌ಕ್ಯೂಎಲ್ ಕಟ್ಟಿದ ಮೈಕೆಲ್ ವಿಡೇನಿಯಸ್ ಅವರೇ ಮರಿಯಾಡಿಬಿಯನ್ನು ಕವಲೊಡೆಸಿದರು. ಇಬ್ಬರೂ ಒಂದೇ ಫೋಲ್ಡರನ್ನು ತಮ್ಮದೆನ್ನುತ್ತಾರೆ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಈಗ ಓದಲು ಬರುವುದಿಲ್ಲ.

ಪೋಸ್ಟ್‌ಗ್ರೆಸ್‌ನ ಹಟ ಬೇರೆ ತೆರನದು. ರೂಟ್ ಬಳಕೆದಾರನಾಗಿ ಓಡಿಸಿದರೆ ಅದು ಏಳುವುದೇ ಇಲ್ಲ. ಡೇಟಾ ಫೋಲ್ಡರಿನ ಅನುಮತಿ 0700 ಅಥವಾ 0750 ಇರಬೇಕು. ಯಾಕೆ ಬೇಕು ಕಿರಿಕಿರಿ ಎಂದು ಯಾರೋ 777 ಕೊಟ್ಟಿದ್ದರೆ, ಎಲ್ಲರಿಗೂ ತೆರೆದ ಫೋಲ್ಡರಿನಲ್ಲಿ ಕೆಲಸ ಮಾಡಲಾರೆ ಎಂದು ಹೇಳಿ ಕೂತುಬಿಡುತ್ತದೆ. 777 ಕೊಟ್ಟು ಎಲ್ಲ ರೋಗ ವಾಸಿ ಮಾಡುವವರಿಗೆ ಇದು ಒಳ್ಳೆಯ ಪಾಠ. ಉಬುಂಟು, ಡೆಬಿಯನ್‌ಗಳಲ್ಲಿ ಇನ್ನೊಂದು ಮೋಸ ಇದೆ. ಪೋಸ್ಟ್‌ಗ್ರೆಸ್ ಸರ್ವಿಸಿನ ಸ್ಥಿತಿ ಕೇಳಿದರೆ 'ಆ್ಯಕ್ಟಿವ್, ಎಕ್ಸಿಟೆಡ್' ಎಂದು ಹಸಿರು ಬಣ್ಣದಲ್ಲಿ ಬರುತ್ತದೆ, ನೋಡಿದವರು ನಡೆದಿದೆ ಎಂದೇ ತಿಳಿಯುತ್ತಾರೆ. ಅದು ಬರಿಯ ಹೊರಕವಚ. ನಿಜವಾದ ಸರ್ವರು ಆವೃತ್ತಿಯ ನಂಬರು, ಮೇನ್ ಎಂಬ ಹೆಸರು ಹೊತ್ತ ಬೇರೆ ಸರ್ವಿಸು. ಪಿಜಿ ಎಲ್‌ಎಸ್‌ಕ್ಲಸ್ಟರ್ಸ್ ಆಜ್ಞೆ ಕೊಟ್ಟರೆ ಆನ್‌ಲೈನೋ ಡೌನೋ ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ.

ಸಂರಚನೆ ಫೈಲಿಗೆ ಬಂದರೆ, ನಮ್ಮ ಊರುಗಳ ಹೆಸರೇ ಸಾಕ್ಷಿಗೆ ನಿಲ್ಲುವ ಒಂದು ಚೋದ್ಯವನ್ನು ಹೇಳಲೇಬೇಕು. ಸಿ ಡ್ರೈವಿನಲ್ಲಿ ಜಾಗ ಕಡಿಮೆ ಎಂದು ಡಿ ಡ್ರೈವಿನಲ್ಲಿ ಊರಿನ ಹೆಸರಿನ ಫೋಲ್ಡರ್ ಮಾಡಿ, ಡೇಟಾಬೇಸನ್ನು ಅಲ್ಲಿಗೆ ಸಾಗಿಸುತ್ತೀರಿ ಎನ್ನಿ. ಮೈಎಸ್‌ಕ್ಯೂಎಲ್‌ನ ಮೈ.ಐಎನ್‌ಐ ಫೈಲಿನಲ್ಲಿ ದಾರಿ ಬರೆಯುವಾಗ ವಿಂಡೋಸ್ ರೂಢಿಯಂತೆ ಹಿಂದಕ್ಕೆ ವಾಲಿದ ಗೆರೆ ಹಾಕಿ, ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ವಾಡಿ ಎಂದೋ ಚಿತ್ತಾಪುರ ಎಂದೋ ಚಿಂಚೋಳಿ ಎಂದೋ ಬರೆದರೆ ಅಡ್ಡಿಯಿಲ್ಲ. ಸೇಡಂ ಅಥವಾ ಶಹಾಬಾದ್ ಎಂದು ಬರೆದರೆ ಸರ್ವರ್ ಏಳುವುದಿಲ್ಲ! ಆ ಫೈಲಿನಲ್ಲಿ ಹಿಂದಕ್ಕೆ ವಾಲಿದ ಗೆರೆಯ ಮುಂದೆ ಚಿಕ್ಕ 'ಎಸ್' ಬಂದರೆ ಎರಡೂ ಸೇರಿ ಒಂದು ಖಾಲಿ ಜಾಗ ಎಂದು ಓದುವುದು ಮೈಎಸ್‌ಕ್ಯೂಎಲ್‌ನ ನಿಯಮ. ಸೇಡಂ ತನ್ನ ಮೊದಲಕ್ಷರ ಕಳೆದುಕೊಂಡು 'ಎಡಂ' ಆಗುತ್ತದೆ, ಸರ್ವರ್ ಆ ಹೆಸರಿನ ಫೋಲ್ಡರ್ ಹುಡುಕಿ ಸಿಗದೆ ಸಾಯುತ್ತದೆ. ಬಿ, ಟಿ, ಎನ್, ಆರ್ ಅಕ್ಷರಗಳಿಗೂ ಇದೇ ಗತಿ. ಮಿಕ್ಕವಕ್ಕೆ ಇಲ್ಲ, ಅದಕ್ಕೇ ವಾಡಿ, ಚಿತ್ತಾಪುರ ಬಚಾವು. ಗೆರೆಯನ್ನು ಮುಂದಕ್ಕೆ ವಾಲಿಸಿ ಬರೆದರೆ, ಇಲ್ಲವೇ ಎರಡು ಸಲ ಹಾಕಿದರೆ ಸರಿಹೋಗುತ್ತದೆ. ಲಾಗಿನಲ್ಲಿ ಅರ್ಧ ಹೆಸರು ಕಂಡ ಕೂಡಲೇ ಕಾರಣ ಹೊಳೆಯುತ್ತದೆ. ಲಾಗು ನೋಡದವನಿಗೆ ಎಷ್ಟು ದಿನವಾದರೂ ಹೊಳೆಯುವ ಬಗೆಯೇ ಇಲ್ಲ.

ಅದೇ ಫೈಲಿನಲ್ಲಿ ಗುರುತಿಗೆಂದು ಕನ್ನಡದಲ್ಲಿ ಒಂದು ಟಿಪ್ಪಣಿ ಬರೆದಿಡುವ ಅಭ್ಯಾಸ ಒಳ್ಳೆಯದೇ. ಆದರೆ ಹಳೆಯ ವಿಂಡೋಸಿನ ನೋಟ್‌ಪ್ಯಾಡು ಆನ್ಸಿ ರೂಪದಲ್ಲಿ ಕನ್ನಡ ಉಳಿಸಲಾರೆ ಎನ್ನುತ್ತದೆ. ಯುಟಿಎಫ್-8 ಆರಿಸಿದರೆ ಫೈಲಿನ ತಲೆಯಲ್ಲಿ ಬಿಒಎಂ ಎಂಬ ಕಣ್ಣಿಗೆ ಕಾಣದ ಮೂರು ಬೈಟ್ ಸೇರಿಸುತ್ತದೆ. ಮೈಎಸ್‌ಕ್ಯೂಎಲ್‌ಗೆ ಮೊದಲ ಸಾಲೇ ಅರ್ಥವಾಗದೆ, ಗುಂಪಿನ ಹೆಸರಿಲ್ಲದೆ ಆಯ್ಕೆ ಬಂದಿದೆ ಎಂದು ದೂರಿ ನಿಲ್ಲುತ್ತದೆ. 2019ರ ವಿಂಡೋಸ್ 10 ಪರಿಷ್ಕರಣೆಯ ಮೇಲೆ ನೋಟ್‌ಪ್ಯಾಡ್ ತಾನಾಗಿ ಬಿಒಎಂ ಹಾಕುವುದನ್ನು ಬಿಟ್ಟಿತು. ಆದರೆ ಕಾಟಾ ಕೋಣೆಗಳಲ್ಲಿ ಇನ್ನೂ ವಿಂಡೋಸ್ 7 ಕಾಣುವುದು ಅಪರೂಪವಲ್ಲ.

ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ತೊಡಕು ಬಳಕೆದಾರನ ಹೆಸರಿನದು. ಹೊಸ ಲ್ಯಾಪ್‌ಟಾಪ್ ತಂದವನು ಅಭಿಮಾನದಿಂದ ಖಾತೆಗೆ ಕನ್ನಡ ಲಿಪಿಯಲ್ಲಿ ಹೆಸರಿಟ್ಟರೆ ಅದೇ ಹೆಸರಿನ ಫೋಲ್ಡರ್ ಹುಟ್ಟುತ್ತದೆ. ವಿಂಡೋಸಿನ ಹಳೆಯ ಕೋಡ್‌ಪೇಜ್ ಏರ್ಪಾಡಿನಲ್ಲಿ ರಷ್ಯನ್, ಥಾಯ್, ಅರಬ್ಬಿ ಭಾಷೆಗಳಿಗೆ ತಮ್ಮದೇ ಪುಟಗಳಿದ್ದವು; ಕನ್ನಡಕ್ಕೆ ಇರಲಿಲ್ಲ. ವಿಂಡೋಸಿಗೆ ಕನ್ನಡ ಬಂದದ್ದೇ ಯೂನಿಕೋಡಿನ ಮೂಲಕ. ಯೂನಿಕೋಡ್ ಬಳಕೆ ಹರಡುವವರೆಗೆ ನುಡಿಯಂಥ ತಂತ್ರಾಂಶಗಳು ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡ ಅಕ್ಷರದ ಫಾಂಟು ಹೊದಿಸಿ ಕೆಲಸ ಸಾಗಿಸಿದವು. ಇದರ ಫಲ ಏನೆಂದರೆ, ಹಳೆಯ ಕೋಡ್‌ಪೇಜನ್ನೇ ನಂಬಿದ ಯಾವ ಇನ್‌ಸ್ಟಾಲರಿಗೂ ಆ ಫೋಲ್ಡರಿನ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತದೆ, ಅಂಥ ಹೆಸರಿನ ಫೋಲ್ಡರು ಡಿಸ್ಕಿನಲ್ಲಿ ಇರುವುದಿಲ್ಲ. ಪೋಸ್ಟ್‌ಗ್ರೆಸ್‌ನ ವಿಂಡೋಸ್ ಇನ್‌ಸ್ಟಾಲರು ತನ್ನ ತಾತ್ಕಾಲಿಕ ಫೈಲುಗಳನ್ನು ಬಿಚ್ಚಿಕೊಳ್ಳುವುದು ಬಳಕೆದಾರನ ಫೋಲ್ಡರಿನಲ್ಲೇ. ಅಲ್ಲೇ ಮುಗ್ಗರಿಸಿ, ಕ್ಲಸ್ಟರ್ ಸಿದ್ಧವಾಗಲಿಲ್ಲ ಎಂದು ವರದಿ ಒಪ್ಪಿಸುತ್ತದೆ. ಖಾತೆಯ ಹೆಸರನ್ನು ಆಮೇಲೆ ಇಂಗ್ಲಿಷಿಗೆ ಬದಲಿಸಿದರೂ ಫೋಲ್ಡರಿನ ಹೆಸರು ಬದಲಾಗದು. ಇಂಗ್ಲಿಷ್ ಅಕ್ಷರದ ಇನ್ನೊಂದು ಖಾತೆ ತೆರೆದು ಅಲ್ಲಿಂದ ಹಾಕುವುದೇ ಸದ್ಯದ ದಾರಿ. ಇದು ನಮ್ಮ ತಪ್ಪಲ್ಲ. ಯೂನಿಕೋಡ್ ಬಂದು ಮೂರು ದಶಕ ಕಳೆದರೂ ಇಂಥ ಇನ್‌ಸ್ಟಾಲರ್ ಉಳಿದಿರುವುದು ಬರೆದವರ ಸೋಮಾರಿತನ. ಡೇಟಾಬೇಸಿನ ಟೇಬಲ್ಲಿನೊಳಗಿನ ಕನ್ನಡಕ್ಕೆ ಮಾತ್ರ ತೊಂದರೆಯಿಲ್ಲ, ದತ್ತಾಂಶವಾಗಿ ಕನ್ನಡ ಚೆನ್ನಾಗಿಯೇ ಕೂರುತ್ತದೆ.

ಹಳೆಯ ಸಂರಚನೆಯನ್ನು ಹೊಸ ಆವೃತ್ತಿಗೆ ಹೊತ್ತೊಯ್ಯುವುದೂ ಒಂದು ಮಾಮೂಲಿ ಕಾರಣ. ಕ್ವೆರಿ ಕ್ಯಾಶ್ ಎಂಬ ಸೌಲಭ್ಯವನ್ನು 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0 ಕೈಬಿಟ್ಟಿತು. ಹಿಂದಿನ ಫೈಲಿನಲ್ಲಿ ಅದರ ಒಂದು ಸಾಲು ಉಳಿದಿದ್ದರೂ ಸಾಕು, ಗೊತ್ತಿಲ್ಲದ ಆಯ್ಕೆ ಎಂದು ಹೇಳಿ ಸರ್ವರ್ ನಿಲ್ಲುತ್ತದೆ. ಸಾಲು ಅಳಿಸಿದರೆ ಮುಗಿಯಿತು.

ಇನ್ನು ಯಂತ್ರದ ದೋಷ. ಸುಣ್ಣಕಲ್ಲಿನ ದೂಳು, ನಲವತ್ತು ಡಿಗ್ರಿ ದಾಟುವ ಕಲಬುರಗಿ ಬೇಸಿಗೆ ಇವು ಡಿಸ್ಕಿನ ಆಯುಷ್ಯ ತಿನ್ನುತ್ತವೆ, ನಿಜ. ಹೊಸದಾಗಿ ಹಾಕಿದ ಸರ್ವರ್ ಏಳದಿರುವುದಕ್ಕೆ ಅವು ನೇರ ಕಾರಣ ಆಗುವುದು ಕಡಿಮೆ. ನೇರ ಕಾರಣ ಹೆಚ್ಚಾಗಿ ಪ್ರೊಸೆಸರಿನ ವಯಸ್ಸು. ಮಾಂಗೊಡಿಬಿ ಎಂಬ ಡೇಟಾಬೇಸು 2021ರಲ್ಲಿ ಬಂದ 5.0ರಿಂದ ಎವಿಎಕ್ಸ್ ಎಂಬ ಆಜ್ಞಾಗುಚ್ಛ ಇರುವ ಪ್ರೊಸೆಸರನ್ನೇ ಬೇಡುತ್ತದೆ. ಎವಿಎಕ್ಸ್ ಮಾರುಕಟ್ಟೆಗೆ ಬಂದದ್ದು 2011ರಲ್ಲಿ. ಅದರ ನಂತರವೂ ಬಹಳ ಕಾಲ ಪೆಂಟಿಯಂ, ಸೆಲೆರಾನ್ ಹೆಸರಿನ ಅಗ್ಗದ ಚಿಪ್ಪುಗಳಿಗೆ ಇಂಟೆಲ್ ಅದನ್ನು ಕೊಡಲಿಲ್ಲ. ಲ್ಯಾಬಿಗೆ ಅಗ್ಗದ ಟೆಂಡರಿನಲ್ಲಿ ಬಂದ ಕಂಪ್ಯೂಟರುಗಳು ಅಂಥವೇ. ಅಲ್ಲಿ ಮಾಂಗೊಡಿಬಿ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ಸಾಯುತ್ತದೆ, ಲಾಗು ಬರೆಯುವುದಕ್ಕೂ ಪುರಸೊತ್ತು ಸಿಗುವುದಿಲ್ಲ. ಲಾಗು ಖಾಲಿ ಇರುವುದೇ ಇಲ್ಲಿ ಸುಳಿವು. ಕಲಿಕೆಗೆ 4.4 ಸಾಕು, ಅದು ಹಳೆಯ ಚಿಪ್ಪಿನ ಮೇಲೂ ಓಡುತ್ತದೆ. ವಿಸಿರನ್‌ಟೈಮ್ ಎಂಬ ಡಿಎಲ್‌ಎಲ್ ಇಲ್ಲವೆಂಬ ದೂರು ಬಂದರೆ ಮೈಕ್ರೋಸಾಫ್ಟಿನ ವಿಷುಯಲ್ ಸಿ++ ಪೊಟ್ಟಣ ಹಾಕಬೇಕು. ಆ ಡಿಎಲ್‌ಎಲ್ ಒಂದನ್ನೇ ಎಲ್ಲಿಂದಲೋ ಇಳಿಸಿಕೊಂಡು ತುರುಕಬಾರದು.

ಹೊಸ ಯಂತ್ರವೂ ಪಾರಲ್ಲ. ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ನಂಬಿದ ಕಾಟಾ, ಬಿಲ್ಲಿಂಗ್ ತಂತ್ರಾಂಶಗಳಲ್ಲಿ ಹೊಸದಾಗಿ ಕಾಣುವ ರೋಗ ಒಂದಿದೆ. ಹಳೆ ಡಿಸ್ಕ್ ಹೋಯಿತೆಂದು ಎನ್‌ವಿಎಂಇ ಡಿಸ್ಕ್, ವಿಂಡೋಸ್ 11 ಇರುವ ಹೊಸ ಯಂತ್ರ ತರುತ್ತಾರೆ. ಇನ್‌ಸ್ಟಾಲ್ ಕೊನೆಯವರೆಗೂ ನಡೆದು, ಡೇಟಾಬೇಸ್ ಎಂಜಿನ್ ಏಳುವ ಹೊತ್ತಿಗೆ ಕೈಕೊಡುತ್ತದೆ. ಕೆಲವು ಎನ್‌ವಿಎಂಇ ಡಿಸ್ಕುಗಳು ತಮ್ಮ ಸೆಕ್ಟರ್ ಗಾತ್ರ 4 ಕಿಲೋಬೈಟಿಗಿಂತ ಹೆಚ್ಚೆಂದು ಹೇಳಿಕೊಳ್ಳುತ್ತವೆ, ವಿಂಡೋಸ್ 11 ಅದನ್ನು ಹಾಗೆಯೇ ಮುಂದಕ್ಕೆ ದಾಟಿಸುತ್ತದೆ, ಎಸ್‌ಕ್ಯೂಎಲ್ ಸರ್ವರಿಗೆ 512 ಬೈಟು ಇಲ್ಲವೇ 4 ಕಿಲೋಬೈಟು ಬಿಟ್ಟು ಬೇರೆ ಗೊತ್ತಿಲ್ಲ. ಎಫ್‌ಎಸ್‌ಯುಟಿಲ್‌ನ ಸೆಕ್ಟರ್‌ಇನ್ಫೋ ಆಜ್ಞೆಯಿಂದ ಗಾತ್ರ ತಿಳಿಯಬಹುದು. ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿ 4 ಕಿಲೋಬೈಟ್ ಎಂದೇ ಹೇಳುವಂತೆ ಮಾಡುವ ಪರಿಹಾರವನ್ನು ಮೈಕ್ರೋಸಾಫ್ಟೇ ಕೊಟ್ಟಿದೆ. ಇದು ಗೊತ್ತಿಲ್ಲದ ಅಂಗಡಿಯವನು ವಿಂಡೋಸ್ ಫಾರ್ಮ್ಯಾಟ್ ಮಾಡುತ್ತಾನೆ, ಎಸ್‌ಕ್ಯೂಎಲ್ ಸರ್ವರಿನ ಬೇರೆ ಬೇರೆ ವರ್ಷದ ಆವೃತ್ತಿ ಹಾಕಿ ನೋಡುತ್ತಾನೆ, ಫಲ ಮಾತ್ರ ಒಂದೇ.

ಕೊನೆಯದು ಕರೆಂಟು. ಜೆಸ್ಕಾಂ ಕರೆಂಟು ಹೋದಾಗ ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಸರ್ವರ್ ಬರೆಯುತ್ತಿದ್ದ ಸಾಲಿನ ನಡುವೆಯೇ ನಿಲ್ಲುತ್ತದೆ. ನಿನ್ನೆ ಹಾಕಿದ ಸರ್ವರು ಇಂದು ಏಳದಿರುವುದಕ್ಕೆ ಇದೇ ಕಾರಣ ಎಷ್ಟೋ ಸಲ. ಇನ್ನೋಡಿಬಿ ಎಂಬ ಎಂಜಿನು ಇಂಥ ಸಾವಿನಿಂದ ತಾನಾಗಿ ಚೇತರಿಸಿಕೊಳ್ಳಲೆಂದೇ ಕಟ್ಟಿದ್ದು. ಸ್ವಲ್ಪ ಹೊತ್ತು ಕೊಡಬೇಕು. ಹೊತ್ತು ಕೊಡದೆ ಮತ್ತೆ ಮತ್ತೆ ಸ್ಟಾರ್ಟ್ ಒತ್ತುವುದು ಗಾಯ ಕೆರೆದ ಲೆಕ್ಕ. ಎಕ್ಸ್‌ಎಎಂಪಿಪಿಯೊಳಗಿನ ಮರಿಯಾಡಿಬಿ ಬಳಸುವ ಆರಿಯಾ ಟೇಬಲ್ಲುಗಳ ಲಾಗು ಕೆಟ್ಟರೆ ಮಾತ್ರ ಅದು ತಾನಾಗಿ ಏಳದು. ಯಾವ ಉಪಕರಣ ಓಡಿಸಬೇಕು, ಯಾವ ಫೈಲ್ ತೆಗೆಯಬೇಕು ಎಂದು ಎರರ್ ಲಾಗೇ ಬರೆದಿರುತ್ತದೆ.

ಇಲ್ಲಿಯೇ ಅತಿ ಅಪಾಯದ ಸಲಹೆ ಹುಟ್ಟುವುದು. ಡೇಟಾ ಫೋಲ್ಡರಿನಲ್ಲಿ ಐಬಿಡೇಟಾ1 ಎಂಬ ದೊಡ್ಡ ಫೈಲ್ ಇದೆ, ಅದನ್ನು ಅಳಿಸಿಬಿಡು, ಸರ್ವರ್ ಏಳುತ್ತದೆ ಎನ್ನುತ್ತಾರೆ. ಕೆಲವೊಮ್ಮೆ ಏಳುತ್ತದೆ, ಸುಳ್ಳಲ್ಲ. ಎದ್ದ ಸರ್ವರಿನಲ್ಲಿ ಟೇಬಲ್ಲುಗಳ ಹೆಸರಿರುತ್ತದೆ, ತೆರೆದರೆ ಅಂಥ ಟೇಬಲ್ಲಿಲ್ಲ ಎನ್ನುತ್ತದೆ. ಇನ್ನೋಡಿಬಿ ಟೇಬಲ್ಲುಗಳ ವಿಳಾಸ ಇದ್ದದ್ದು ಆ ಫೈಲಿನಲ್ಲೇ. ಇನ್ನೋಡಿಬಿಗೆ ಬಲವಂತದ ಚೇತರಿಕೆಯ 1ರಿಂದ 6ರವರೆಗಿನ ಮೆಟ್ಟಿಲಿವೆ. 4 ಮತ್ತು ಅದರ ಮೇಲಿನವು ದತ್ತಾಂಶವನ್ನೇ ಶಾಶ್ವತವಾಗಿ ಕೆಡಿಸಬಹುದೆಂದು ಕೈಪಿಡಿಯೇ ಎಚ್ಚರಿಸುತ್ತದೆ. ಏನೇ ಮುಟ್ಟುವ ಮೊದಲು ಇಡೀ ಡೇಟಾ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು.

ಹೀಗೆ ಅಳಿಸುವುದನ್ನು ಸಣ್ಣ ಊರಿನ ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ಎರಡನೆಯ ಪೋಸ್ಟ್‌ಗ್ರೆಸ್ ಸರ್ವರನ್ನು ನಕಲಿಗೆ ಅಣಿ ಮಾಡಲು ಪರದಾಡುತ್ತಿದ್ದರು. ಡೇಟಾ ಫೋಲ್ಡರ್ ಖಾಲಿ ಇದ್ದರೆ ಸರಿಹೋದೀತೆಂದು ಅಳಿಸಿದರು. ಅಳಿಸಿದ್ದು ಮೊದಲನೆಯ ಸರ್ವರಿನಲ್ಲಿ. ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ 4.5 ಗಿಗಾಬೈಟ್ ಉಳಿದಿತ್ತು. ನಿತ್ಯದ ಬ್ಯಾಕಪ್ ಇರಲೇ ಇಲ್ಲ. ತಂತ್ರಾಂಶದ ಆವೃತ್ತಿ ಹೊಂದದೆ ಅದನ್ನು ತೆಗೆಯುವ ಪ್ರಯತ್ನ ಸದ್ದಿಲ್ಲದೆ ಸೋಲುತ್ತ ಬಂದಿತ್ತು. ಪರೀಕ್ಷೆಗೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ನಕಲು ಸಿಕ್ಕಿ ಕಂಪನಿ ಬದುಕಿತು.

ವಿಟಿಯು ಇರಲಿ, ಬಿಸಿಎ ಇರಲಿ, ಡಿಬಿಎಂಎಸ್ ಲ್ಯಾಬಿನ ಪ್ರಯೋಗಗಳು ಶುರುವಾಗುವುದೇ ಟೇಬಲ್ ಕಟ್ಟುವುದರಿಂದ. ಸರ್ವರ್ ಎದ್ದಿದೆ ಎಂದು ಅಲ್ಲಿ ಮೊದಲೇ ಒಪ್ಪಿಬಿಟ್ಟಿರುತ್ತಾರೆ. ಅದಕ್ಕೂ ಮೊದಲು ಒಂದು ಪೀರಿಯಡ್ ಇಡಬಹುದು. ಮೇಷ್ಟ್ರು ಪ್ರತಿ ಕಂಪ್ಯೂಟರಿನಲ್ಲೂ ಬೇರೆ ಬೇರೆ ರೀತಿ ಸರ್ವರ್ ಕೆಡಿಸಿಡಬೇಕು: ಒಂದರಲ್ಲಿ 3306ನ್ನು ಬೇರೊಬ್ಬರಿಗೆ ಕೊಟ್ಟು, ಇನ್ನೊಂದರಲ್ಲಿ ಕ್ವೆರಿ ಕ್ಯಾಶಿನ ಸಾಲು ಸೇರಿಸಿ, ಮತ್ತೊಂದರಲ್ಲಿ ಫೋಲ್ಡರಿಗೆ ಸೇಡಂ ಎಂದು ಹೆಸರಿಟ್ಟು. ಹುಡುಗರಿಗೆ ಇನ್‌ಸ್ಟಾಲರ್ ಕೊಡಬಾರದು, ಇಂಟರ್‌ನೆಟ್ಟೂ ಕೊಡಬಾರದು. ಲಾಗ್ ಫೈಲ್ ಎಲ್ಲಿದೆ ಎಂಬುದನ್ನಷ್ಟೇ ಬೋರ್ಡಿನ ಮೇಲೆ ಬರೆದು, ಎರರ್ ಎಂದಿರುವ ಮೊದಲ ಸಾಲನ್ನು ರೆಕಾರ್ಡ್ ಬುಕ್ಕಿನಲ್ಲಿ ಇಳಿಸಿಕೊಂಡು ಬರಲು ಹೇಳಬೇಕು.